ಕಣ್ಣಳತೆ

ಬಹಳ ವರ್ಷ ನನ್ನ ಕೆಲಸ ಇಷ್ಟೇ:
ಕ್ಯಾಮೆರಾದ ಕೊಂಡಿಗೆ ಟೇಪಿನ ಒಂದು ತುದಿ ಸಿಕ್ಕಿಸಿ
ಇನ್ನೊಂದನ್ನು ಅವಳ ಕಣ್ಣಿನ ಪಕ್ಕ ಹಿಡಿದು
ಅಡಿ, ಇಂಚು ಓದುವುದು.
ರೆಪ್ಪೆ ಮಿಟುಕಿಸುತ್ತಿರಲಿಲ್ಲ ಇನೆಜ್ ಹಾಲ್‌ಕ್ವಿಸ್ಟ್.
"ಎಷ್ಟು ದೂರ, ವಾರ್ತಾನ್?"
"ನಾಲ್ಕಡಿ ಎರಡಿಂಚು."
"ಟೊಲೀಡೊದಿಂದ ಬಸ್ಸು ಹತ್ತಿ ಬಂದವಳಿಗೆ
ಇದೇನು ಮಹಾ."

ಮೊದಲ ಸಲ ಅಳೆದದ್ದು ಅರವತ್ತಮೂರರಲ್ಲಿ, ಬರ್ಬ್ಯಾಂಕಿನಲ್ಲಿ.
ಕುದುರೆ, ಧೂಳು, ರಟ್ಟಿನ ಊರು.
ಶೆರಿಫನ ಹೆಂಡತಿ ಅವಳು.
ಹನ್ನೆರಡನೇ ನಿಮಿಷಕ್ಕೆ ಸಾಯಬೇಕು;
ಸಾಯದಿದ್ದರೆ ಶೆರಿಫನಿಗೆ ಸಿಟ್ಟು ಬರದು,
ಸಿಟ್ಟು ಬರದಿದ್ದರೆ ಸೋಪು ಮಾರಾಟವಾಗದು.
ಆ ವರ್ಷ ಮೂರೂ ಚಾನೆಲ್ಲುಗಳಲ್ಲಿ ಒಟ್ಟು ಒಂಬತ್ತು ಸಲ ಸತ್ತಳು.
ಒಂದೊಂದು ಸಲವೂ ಒಂದೊಂದು ರೀತಿ ಬಿದ್ದಳು.
ಒಮ್ಮೆ ಮಂಡಿ ಮೊದಲು. ಒಮ್ಮೆ, ಏನೋ ಮರೆತವಳ ಹಾಗೆ,
ಹಿಂತಿರುಗಿ ನೋಡುತ್ತ.
ಯಾರೂ ಗಮನಿಸಲಿಲ್ಲ. ನಾನು ಗಮನಿಸಲೇಬೇಕಿತ್ತು,
ಬೀಳುವ ಮೈ ಮಸುಕಾದರೆ ಬೈಗುಳ ನನಗೆ.

ಆಮೇಲೆ ಏಳು ವರ್ಷ ಬಿಳಿ ಟೋಪಿಯ ನರ್ಸು.
"ಡಾಕ್ಟರ್, ಬೇಗ ಬನ್ನಿ" ಎಂಬುದೊಂದೇ ಮಾತು.
ಡಾಕ್ಟರು ಬರುತ್ತಿದ್ದ. ಬದುಕಿಸುತ್ತಿದ್ದ. ಬಹುಮಾನ ಪಡೆಯುತ್ತಿದ್ದ.
ಇವಳು ಮೂಲೆಯಲ್ಲಿ ಕೂತು
ಎಲ್ಲರ ಸಂಭಾಷಣೆಯನ್ನೂ ಬಾಯಿಪಾಠ ಮಾಡಿದ್ದಳು,
ರೋಗಿಗಳ ನರಳಾಟವೂ ಸೇರಿ.

ನಲವತ್ತಕ್ಕೆ ಲೆನ್ಸಿಗೆ ಕಾಲುಚೀಲದ ತೆಳುಬಟ್ಟೆ ಕಟ್ಟಿದರು.
ಹತ್ತಿರ ಬಂದು ಬೆರಳಿಂದ ಮುಟ್ಟಿ ನೋಡಿ ಕೇಳಿದಳು:
"ಇದು ನನ್ನ ಸುಕ್ಕು ಮುಚ್ಚುವುದಕ್ಕೋ,
ನಿಮ್ಮ ಕಣ್ಣು ಮುಚ್ಚುವುದಕ್ಕೋ?"

ನನ್ನ ಜೇಬಿನ ಪುಸ್ತಕದಲ್ಲಿ ಎಲ್ಲ ಇದೆ.
ಅರವತ್ತಮೂರು: ನಾಲ್ಕಡಿ.
ಎಪ್ಪತ್ತೊಂದು: ಒಂಬತ್ತು.
ಎಪ್ಪತ್ತೆಂಟು: ಇಪ್ಪತ್ತೆರಡಡಿ, ಕಿಟಕಿಯಾಚೆ,
ಯಾರದೋ ತಾಯಿ, ಪಾತ್ರಕ್ಕೆ ಹೆಸರಿಲ್ಲ.
ಟೇಪು ಅಷ್ಟು ಉದ್ದ ಎಳೆದಾಗ
ನಡುವೆ ಜೋತು ಬೀಳುತ್ತದೆ, ಒಗೆದ ಬಟ್ಟೆ ಹಾಕುವ ಹಗ್ಗದಂತೆ.

ಒಂದು ಮಂಗಳವಾರ ನಿರ್ದೇಶಕ ಬರಲಿಲ್ಲ.
ಗಾಲ್ಫ್ ಗಾಡಿ ಮಗುಚಿ ಕಾಲು ಮುರಿದಿತ್ತಂತೆ.
ಗಂಟೆಗೆ ಇಷ್ಟು ಸಾವಿರವೆಂದು ಲೆಕ್ಕ ಹಾಕುತ್ತ
ನಿರ್ಮಾಪಕ ಪೊಮರಾನ್ಸ್ ಕೂಗಿದ:
"ಯಾರಾದರೂ ಆಕ್ಷನ್ ಅನ್ನಿ, ದೇವರಾಣೆ!"
ಇವಳು ಅಂದಳು.
ಅನ್ನುವ ಮೊದಲು ನನ್ನ ಕಡೆ ತಿರುಗಿ,
ಹಿಂದೆ, ಸೋಫಾದ ಅಂಚಿನಲ್ಲಿ, ಹೆಣೆಯುವ ಕಡ್ಡಿ ಹಿಡಿದು
ಅಲಂಕಾರಕ್ಕೆ ಕೂತಿದ್ದ ಅರವತ್ತೆಂಟರ ಫಿಲೊಮಿನಾ ಬ್ರೌಡರ್‌ಳನ್ನು ತೋರಿಸಿ
"ಎಷ್ಟು?"
"ಹದಿನೆಂಟಡಿ."
"ಮೂರಕ್ಕೆ ತಾ."

ಕ್ಯಾಮೆರಾ ಹಳಿಯ ಮೇಲೆ ಉರುಳಿತು.
ಮುದುಕಿ ಗಾಬರಿಯಾದಳು:
"ಇಷ್ಟು ಹತ್ತಿರ ಯಾರೂ ಬಂದವರಲ್ಲ ಮಾರಾಯ್ತಿ,
ಮೂಗಿನಲ್ಲಿ ಕೂದಲಿದ್ದೀತು."
"ಇರಲಿ," ಎಂದಳು ಇನೆಜ್, "ಅದಕ್ಕೂ ಪಾತ್ರ ಇದೆ."

ಇದಾದ ಮೇಲೆ ಬಾಗಿಲು ತೆರೆಯಿತು ಎಂದು ಬರೆಯಬಹುದು.
ತೆರೆದದ್ದು ಗೇಣಗಲ.
ಐವತ್ತಾರು ಕಂತು ನಿರ್ದೇಶಿಸಿದಳು: ವಕೀಲರದ್ದು, ಪೊಲೀಸರದ್ದು,
ಮಾತಾಡುವ ನಾಯಿಯದ್ದೂ ಎರಡು.
ಅವಳ ಹೆಸರು ಮೂಡುವ ಹೊತ್ತಿಗೆ
ಅಮೆರಿಕ ಫ್ರಿಜ್ಜಿನ ಬಾಗಿಲು ತೆಗೆಯುತ್ತಿತ್ತು.
ಸ್ವಂತದ್ದೆಂದು ಎರಡು ಸಿನಿಮಾ.
ಒಂದು ಪಸಡೀನಾದಲ್ಲಿ ಆರು ದಿನ ಓಡಿತು.
ಇನ್ನೊಂದು ಅವಳ ಗರಾಜಿನಲ್ಲಿ,
ಹುಲ್ಲು ಕತ್ತರಿಸುವ ಯಂತ್ರದ ಪಕ್ಕ, ಡಬ್ಬಿಯಲ್ಲೇ ಇದೆ.
ಸಂತಳೇನಲ್ಲ. ಒಬ್ಬ ಹುಡುಗನನ್ನು ಹದಿನಾರು ಟೇಕು ಅಳಿಸಿದಳು,
ಹದಿನೇಳನೆಯದು ನಿಜದ ಅಳು, ಅದನ್ನೇ ಇಟ್ಟುಕೊಂಡಳು.
ಆ ಅಳತೆಯೂ ಪುಸ್ತಕದಲ್ಲಿದೆ.

ಹೋದ ವರ್ಷ, ಎಂಬತ್ತು ದಾಟಿದವಳನ್ನು
ಕಾಲೇಜು ಹುಡುಗಿಯೊಬ್ಬಳು ತನ್ನ ಕಿರುಚಿತ್ರಕ್ಕೆ ಕರೆದಳು.
ಕಾರು ಓಡಿಸಿಕೊಂಡು ಹೋದವನು ನಾನು.
ಅಂಗೈಯಗಲದ ಕ್ಯಾಮೆರಾ,
ಮುಖವನ್ನು ತಾನೇ ಹುಡುಕಿ ಹಸಿರು ಚೌಕ ಹಾಕುತ್ತದೆ.
ಇನೆಜ್ ಕೂತಳು. ಸುಮ್ಮನಿದ್ದಳು. ಆಮೇಲೆ
"ಅಳೆಯುವುದಿಲ್ಲವಾ?"
"ಬೇಕಿಲ್ಲ ಮೇಡಂ, ಅದೇ ನೋಡಿಕೊಳ್ಳತ್ತೆ."
"ನನಗೆ ಬೇಕು."
ಟೇಪು ಜೇಬಿನಲ್ಲೇ ಇತ್ತು. ಎಲ್ಲಿಗೆ ಹೋಗುತ್ತದೆ ಅದು.
ತುದಿಯನ್ನು ಕಣ್ಣ ಪಕ್ಕ ಅವಳೇ ಹಿಡಿದಳು, ಕೈ ಸ್ವಲ್ಪ ನಡುಗಿತು,
ರೆಪ್ಪೆ ನಡುಗಲಿಲ್ಲ.
"ಎರಡಡಿ ಒಂಬತ್ತಿಂಚು," ಎಂದೆ.
"ಸರಿ, ಈಗ ಆಚೆ ಸರಿ ವಾರ್ತಾನ್," ಎಂದಳು,
"ನಿನ್ನ ನೆರಳು ನನ್ನ ಮೇಲೆ ಬೀಳುತ್ತಿದೆ."